ಮೇಣ ಕಾಣದ ಸುರುಳಿ

ನೋವಿ ಸಾದ್
14 ಜೂನ್ 2004

ದೊಡ್ಡಪ್ಪನವರಿಗೆ,

ಸ್ತಮೆನಾ ಮಾಡುವ ನಮಸ್ಕಾರ. ಅಪ್ಪನ ಬಾಸ್ ಗಿಟಾರನ್ನು ನಾಳೆಯ ಬಸ್ಸಿಗೆ ಹಾಕುತ್ತೇನೆ. ಡ್ರೈವರಿಗೆ ಹೇಳಿಟ್ಟಿದ್ದೇನೆ, ದಪ್ಪ ಮೀಸೆಯವನು, ತನ್ನ ಸೀಟಿನ ಹಿಂದೆ ನಿಲ್ಲಿಸಿಕೊಳ್ಳುತ್ತಾನಂತೆ. ಪೇಟೆಗೆ ಹೋಗಿ ಇಳಿಸಿಕೊಳ್ಳಿ.

ಚೀಲದ ಜೇಬಿನಲ್ಲಿ ತಂತಿಯ ಕೆಳಗೆ ಕೂರಿಸುವ ಎರಡು ಹೊಸ ಪಿಕಪ್ ಇವೆ. ಜೊತೆಗೆ ನಾದಕ್ಕೆ ಬಲ ಕೊಡುವ ಒಂದು ಪ್ರೀಆಂಪ್, ಅದಕ್ಕೆ ಬ್ಯಾಟರಿ ಕೂರಿಸುವ ಡಬ್ಬಿ, ಜೋಡಿಸುವ ನಕ್ಷೆ. ಹಳೆಯವನ್ನು ತೆಗೆದು ಇವನ್ನು ಕೂರಿಸಿ ಕೊಡಬೇಕು.

ಇಲ್ಲಿಯೇ ಮಾಡಿಸಬಹುದಿತ್ತು. ಆದರೆ ಕೊನೆಯ ವಾರ ಆಸ್ಪತ್ರೆಯಲ್ಲಿ ಅಪ್ಪ ಹೇಳಿದ್ದು ಇದು: "ಬಾಸನ್ನ ಬಿಚ್ಚೋದಾದ್ರೆ ವಿತೊಮಿರ್ ಬಿಚ್ಚಲಿ. ಬೇರೆ ಯಾರ ಕೈಗೂ ಕೊಡಬೇಡ." ಅದಕ್ಕೇ ಕಳಿಸುತ್ತಿದ್ದೇನೆ.

ನಾವು ಹಾಗೇ ಇದ್ದೇವೆ. ಅಮ್ಮ ಟಿವಿ ಹಾಕಿ ಕೂರುತ್ತಾಳೆ, ನೋಡುವುದಿಲ್ಲ. ದೊಡ್ಡಮ್ಮನಿಗೆ ನಮಸ್ಕಾರ.

ಇಂತಿ,
ಸ್ತಮೆನಾ

*

ಲಿಪೊವಿತ್ಸಾ
20 ಜೂನ್ 2004

ಕೂಸೇ ಸ್ತಮೆನಾ,

ಬಾಸು ಬಂತು. ನಿನ್ನ ಡ್ರೈವರಿಗೆ ಮೀಸೆ ಇರಲಿಲ್ಲ, ದಾರಿಯಲ್ಲೆಲ್ಲೋ ಬೋಳಿಸಿಕೊಂಡಿರಬೇಕು. ಎಂಥ ವಸ್ತು ತಂದಿದ್ದೀ ಗೊತ್ತಾ ಅಂತ ಕೇಳಿದೆ. "ಗಿಟಾರು" ಅಂದ. ಹತ್ತು ನಿಮಿಷ ನಿಲ್ಲಿಸಿ ತಿಳಿಸಿಹೇಳಿದೆ. ಬಸ್ಸು ತಡವಾಯಿತು, ಜನ ಬೈದರು. ಬೈಯಲಿ.

ರಾದಿಸಾವ್ ಹಾಗೆ ಹೇಳಿದನಾ? ವಿತೊಮಿರ್ ಮಾತ್ರ ಬಿಚ್ಚಲಿ ಅಂತ? ನೋಡು, ನನ್ನ ತಮ್ಮ ಬದುಕಿರುವವರೆಗೆ ನನ್ನ ಕೆಲಸ ಚೆನ್ನಾಗಿದೆ ಅಂತ ಒಂದು ದಿನ ಬಾಯಿ ಬಿಟ್ಟು ಹೇಳಿದವನಲ್ಲ. ಕೊನೆಗಾದರೂ ಹೇಳಿದ. ಊಟಕ್ಕೆ ಕೂತಾಗ ನಿನ್ನ ದೊಡ್ಡಮ್ಮ ಜಾಗೊರ್ಕಾಗೆ ಆ ಸಾಲನ್ನು ಓದಿ ಹೇಳಿದೆ. ಕಾಗದ ಇಸಕೊಂಡು ಅವಳೂ ಓದಿದಳು. ಮಡಚಿ ವಾಪಸ್ ಕೊಟ್ಟಳು.

ನೀನು ಕಳಿಸಿದ ಪಿಕಪ್ಪುಗಳನ್ನು ನೋಡಿದೆ. ಎರಡು ಕರಿ ಸಾಬೂನು ಬಿಲ್ಲೆ ಇದ್ದ ಹಾಗಿವೆ, ಒಳಗೇನಿದೆ ಅಂತ ಕಾಣದ ಹಾಗೆ ಅಂಟು ತುಂಬಿ ಮುಚ್ಚಿಬಿಟ್ಟಿದ್ದಾರೆ. ನಾನು ಮಾಡಿದ್ದು ಹಾಗಲ್ಲ. ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ, ಒಂದೊಂದಕ್ಕೂ ಎಂಟು ಸಾವಿರದ ನಾನೂರು ಸುತ್ತು. ಮೇಲೆ ಬಾಸಿನ ದಪ್ಪ ತಂತಿ ಅದುರಿದರೆ ಕೆಳಗೆ ಈ ಸುರುಳಿ ಅದನ್ನು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. 1979ರ ಚಳಿಗಾಲದಲ್ಲಿ ನಮ್ಮ ಅಮ್ಮನ ಹೊಲಿಗೆ ಯಂತ್ರದ ಚಕ್ರಕ್ಕೆ ಕಟ್ಟಿ ಸುತ್ತಿದ್ದು. ಒಂದೂ ಸುತ್ತು ಎಣಿಕೆ ತಪ್ಪಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನನ್ನನ್ನು ದಡ್ಡ ಅಂದ ಲೆಕ್ಕದ ಮೇಷ್ಟ್ರು ತಮ್ಮ ರೇಡಿಯೊ ಕೆಟ್ಟಾಗ ಯಾರ ಹತ್ತಿರ ಬಂದರು? ನನ್ನ ಹತ್ತಿರ.

ಇನ್ನು ಆ ಬ್ಯಾಟರಿ. ಬಾಸಿಗೆ ಬ್ಯಾಟರಿ ಯಾಕಮ್ಮ? ನನ್ನ ಪಿಕಪ್ಪುಗಳು ಇಪ್ಪತ್ತೈದು ವರ್ಷ ಏನೂ ತಿನ್ನದೆ ದುಡಿದಿವೆ. ಬ್ಯಾಟರಿ ಹಾಕಿದರೆ ಮದುವೆಯ ನಡುವೆ ಸಾಯುತ್ತದೆ, ಕುಣಿಯುತ್ತಿದ್ದ ಮದುಮಗಳು ಒಂಟಿಕಾಲಲ್ಲಿ ನಿಂತಿರುತ್ತಾಳೆ.

ಆ ಬಾಸಿನಲ್ಲಿ ಇದ್ದ ಒಂದೇ ಕೊರತೆ ನುಡಿಸುವವನದು. ನಿನ್ನಪ್ಪ ಯಾವ ಮದುವೆಯಲ್ಲೂ ಜನರಿಗೆ ಮುಖ ಕೊಟ್ಟು ನಿಂತವನಲ್ಲ. ಡ್ರಮ್ಮಿನ ಹಿಂದೆ, ಗೋಡೆಗೆ ತಿರುಗಿ, ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ. ಊರಲ್ಲಿ ಅವನಿಗೆ 'ಗೋಡೆ' ಅಂತ ಹೆಸರಿಟ್ಟವನು ನಾನೇ. "ಗೋಡೆ ಬಂದ, ಸುಣ್ಣ ತನ್ನಿ" ಅಂತಿದ್ದೆ. ಕಫಾನದಲ್ಲಿ ಕುಡಿಯಲು ಕೂತವರೆಲ್ಲ ನಗುತ್ತಿದ್ದರು. ಅವನೂ ನಗುತ್ತಿದ್ದ.

ಅದನ್ನೆಲ್ಲ ತೆಗೆಯುವುದು ಬೇಡ. ಬೆಸುಗೆ ಒಮ್ಮೆ ನೋಡಿ, ಧೂಳು ಒರೆಸಿ ಕಳಿಸುತ್ತೇನೆ.

ಇಂತಿ, ತಿಮೊಕ್ ಕಣಿವೆಯ ರೇಡಿಯೊ, ಟಿವಿ, ಜೇನು ಮತ್ತು ಇತರ ಎಲ್ಲ ವಿಷಯಗಳ ಪರಿಣತ,
ನಿನ್ನ ದೊಡ್ಡಪ್ಪ ವಿತೊಮಿರ್

*

ನೋವಿ ಸಾದ್
30 ಜುಲೈ 2004

ದೊಡ್ಡಪ್ಪನವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಗಬೇಕಾದ ಜಾಗಗಳು ಎಲ್ಲಿವೆ ಅಂತ ಗೊತ್ತಾಯಿತು. ನಗು ಬರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಈಗೀಗ ಎಲ್ಲದಕ್ಕೂ ಹಾಗೇ ಆಗುತ್ತಿದೆ.

ಇಲ್ಲಿಯ ಒಂದು ನಾಟಕ ಮಂದಿರದ ವಾದ್ಯತಂಡದಲ್ಲಿ ಬಾಸ್ ನುಡಿಸುವವರ ಜಾಗ ಖಾಲಿ ಇದೆ. ಮೇ ತಿಂಗಳಲ್ಲಿ ನುಡಿಸಿ ತೋರಿಸುವ ಪರೀಕ್ಷೆಗೆ ಹೋಗಿದ್ದೆ. ಅಲ್ಲಿ ವೇದಿಕೆಯ ಮುಂದಿನ ಹೊಂಡದಲ್ಲಿ ಕೂತು ನುಡಿಸಬೇಕು. ಮಗ್ಗುಲು ತಿರುಗಲು ಜಾಗವಿಲ್ಲ, ಸ್ಪೀಕರ್ ಎದುರಿಗೇ ಇರುತ್ತದೆ. ಈ ಬಾಸು ಸ್ಪೀಕರಿನ ಎದುರು ಸ್ವಲ್ಪ ಜೋರು ಮಾಡಿದರೆ ಕಿರುಚುತ್ತದೆ. ಅಂದೂ ಕಿರುಚಿತು. ಒಬ್ಬರು ಕಿವಿ ಮುಚ್ಚಿಕೊಂಡರು. ಅಕ್ಟೋಬರ್ 12ಕ್ಕೆ ಇನ್ನೊಮ್ಮೆ ಪರೀಕ್ಷೆ ಇದೆ, ಬೇರೆ ವಾದ್ಯ ತನ್ನಿ ಅಂದರು.

ಬೇರೆ ವಾದ್ಯ ನನಗೆ ಬೇಡ. ಇದರ ಕತ್ತಿನ ಮೇಲೆ ಅಪ್ಪನ ಹೆಬ್ಬೆರಳು ಸವೆಸಿದ ಜಾಗ ಇದೆ. ಅಲ್ಲಿ ನನ್ನ ಬೆರಳು ಕೂರುತ್ತದೆ. ಒಳಗಿರುವುದನ್ನು ಮಾತ್ರ ಬದಲಾಯಿಸಿ.

ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡುತ್ತಿದ್ದೇನೆ. ಬ್ರೆಡ್ಡು ಬಿಸಿ ಇದೆಯಾ ಅಂತ ಕೇಳುತ್ತಾರೆ. ಇದೆ ಅನ್ನುತ್ತೇನೆ.

ಸ್ತಮೆನಾ

*

ಲಿಪೊವಿತ್ಸಾ
17 ಆಗಸ್ಟ್ 2004

ಕೂಸೇ,

ಕಿರುಚುವುದು ನಿನ್ನ ಆಂಪ್ಲಿಫೈಯರು. ಪೇಟೆಯವರು ಮಾರುವ ಆಂಪ್ಲಿಫೈಯರುಗಳೆಲ್ಲ ಕಿರುಚುತ್ತವೆ. ನನ್ನ ಪಿಕಪ್ಪು ಕಿರುಚುವುದಿಲ್ಲ. ಯಾಕೆಂದರೆ ಸುತ್ತಿದ ಮೇಲೆ ಅದನ್ನು ಕರಗಿದ ಜೇನುಮೇಣದಲ್ಲಿ ಅದ್ದಬೇಕು. ಮೇಣ ಸುತ್ತುಗಳ ನಡುವೆ ಇಳಿದು ಆರಿದರೆ ತಂತಿ ಅಲುಗುವುದಿಲ್ಲ. ಅಲುಗದಿದ್ದರೆ ಕಿರುಚುವುದಿಲ್ಲ. ಇದು ನನಗೆ ಸೈನ್ಯದಲ್ಲಿ ತಂತಿ ವಿಭಾಗದ ಸಾರ್ಜೆಂಟು ಹೇಳಿಕೊಟ್ಟದ್ದು. ಜೇನು ಸಾಕಿದ ಮನೆಯವನಿಗೆ ಮೇಣದ ಪಾಠವಾ ಅಂತ ಅವನಿಗೇ ಹೇಳಿದ್ದೆ.

ಜುಲೈಯಲ್ಲಿ ಜೇನುಪೆಟ್ಟಿಗೆಗಳ ಕೆಲಸ ಇತ್ತು. ಈಗ ಪ್ಲಮ್ ಹಣ್ಣು ಬಿದ್ದಿವೆ, ಸಾರಾಯಿಗೆ ಪೀಪಾಯಿ ತೊಳೆಯಬೇಕು. ಕೈ ಬಿಡುವಿಲ್ಲ.

ಆದರೂ ನಿನ್ನೆ ನನ್ನ ರಿಪೇರಿ ಅಂಗಡಿಯಲ್ಲಿ ಬಾಸನ್ನು ಮೇಜಿನ ಮೇಲೆ ಮಲಗಿಸಿ ನನ್ನ ಹಳೆ ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸಿದೆ. ಬಂಗಾರದಂಥ ನಾದ. ಅಷ್ಟರಲ್ಲಿ ಜಾಗೊರ್ಕಾ ಬಂದಳು. ಅವಳ ಗಂಟಲು ನಿನಗೆ ಗೊತ್ತು. ಮೇಜಿನ ಪಕ್ಕವೇ ನಿಂತು, "ವಿತೊಮಿರಾ, ಸೂಪು ಆರ್ತಾ ಇದೆ, ಬರ್ತೀಯೋ ಇಲ್ವೋ" ಅಂತ ಕೂಗಿದಳು.

ಆ ಕೂಗು ಸ್ಪೀಕರಿನಲ್ಲೂ ಬಂತು.

ಇಬ್ಬರು ಜಾಗೊರ್ಕಾ ಆದರೆ ಈ ಮನೆಯಲ್ಲಿ ನಾನು ಬಾಳುವುದು ಹೇಗೆ ಅಂತ ನಕ್ಕೆ. ಅವಳೂ ನಕ್ಕಳು. ಊಟಕ್ಕೆ ಹೋದೆ.

ಮತ್ತೆ ಬರೆಯುತ್ತೇನೆ.

ದೊಡ್ಡಪ್ಪ ವಿತೊಮಿರ್

*

ನೋವಿ ಸಾದ್
10 ಸೆಪ್ಟೆಂಬರ್ 2004

ದೊಡ್ಡಪ್ಪನವರಿಗೆ,

ಬಾಸು ಬರಲಿಲ್ಲ. ಮತ್ತೆ ಪತ್ರವೂ ಬರಲಿಲ್ಲ. ಫೋನ್ ಮಾಡಿದೆ. ದೊಡ್ಡಮ್ಮ ಎತ್ತಿದರು. ನೀವು ಅಂಗಡಿಯಲ್ಲಿ ಇದ್ದೀರಿ, ಆದರೆ ಏನೂ ಮಾಡುತ್ತಿಲ್ಲ, ಬಾಸಿನ ಮುಂದೆ ಸುಮ್ಮನೆ ಕೂತಿರುತ್ತೀರಿ ಅಂದರು.

ಪರೀಕ್ಷೆಗೆ ಒಂದು ತಿಂಗಳಿದೆ. ಇಲ್ಲಿ ಗಿಟಾರ್ ರಿಪೇರಿ ಮಾಡುವವ ಒಬ್ಬ ಇದ್ದಾನೆ, ಒಂದು ಮಧ್ಯಾಹ್ನದ ಕೆಲಸ ಅಂತಾನೆ. ನಿಮಗೆ ಆಗುವುದಿಲ್ಲ ಎಂದರೆ ಹಾಗೇ ವಾಪಸ್ ಕಳಿಸಿಬಿಡಿ. ಅವನ ಕೈಗೆ ಕೊಡುತ್ತೇನೆ. ಅಪ್ಪನ ಮಾತು ಮೀರಿದ ಹಾಗಾಗುತ್ತದೆ. ಆದರೆ ಆಗಲಿ.

ಸ್ತಮೆನಾ

*

ಲಿಪೊವಿತ್ಸಾ
19 ಸೆಪ್ಟೆಂಬರ್ 2004

ಸ್ತಮೆನಾ,

ಬಾಸನ್ನು ಇವತ್ತು ಬೆಳಿಗ್ಗೆಯ ಬಸ್ಸಿಗೆ ಹಾಕಿದೆ. ಹೊಸ ಪಿಕಪ್ಪು ಎರಡೂ ಕೂರಿಸಿದ್ದೇನೆ, ಪ್ರೀಆಂಪೂ. ಹಿಂದಿನ ಗೂಡು ಸಣ್ಣದಿತ್ತು, ಬ್ಯಾಟರಿ ಡಬ್ಬಿಗೆ ಎರಡು ಬೆರಳಷ್ಟು ಮರ ಕೊರೆದೆ. ಹೊರಗೆ ಕಾಣುವುದಿಲ್ಲ. ಮೂರು ತಿರುಗುಣಿ ಇವೆ: ಮೊದಲನೆಯದು ಸದ್ದಿಗೆ, ನಡುವಿನದು ತಗ್ಗು ನಾದಕ್ಕೆ, ಕೊನೆಯದು ಏರು ನಾದಕ್ಕೆ. ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡು. ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತ ಇರುತ್ತದೆ. ಚೀಲದಲ್ಲಿ ಇನ್ನೆರಡು ಬ್ಯಾಟರಿ ಇಟ್ಟಿದ್ದೇನೆ.

ಚೆನ್ನಾಗಿ ಕೇಳುತ್ತದೆ. ನಾನು ಸುತ್ತಿದ್ದಕ್ಕಿಂತ ಚೆನ್ನಾಗಿ. ಸ್ಪೀಕರಿನ ಬಾಯಿಗೇ ಹಿಡಿದೆ. ಕಿರುಚಲಿಲ್ಲ.

ಈಗ ಉಳಿದದ್ದನ್ನು ಬರೆಯುತ್ತೇನೆ. ಜಾಗೊರ್ಕಾ ಬರೆ ಅಂದಳು.

ಸ್ಕ್ರೂ ತಿರುಗಿಸಿದ ಮೇಲೆ ತಲೆಯ ಸೀಳುಗಳನ್ನೆಲ್ಲ ಒಂದೇ ದಿಕ್ಕಿಗೆ ನಿಲ್ಲಿಸುವುದು ನನ್ನ ಕೈಯ ಗುರುತು. ಊರಿನ ಯಾವ ಟಿವಿಯ ಬೆನ್ನು ನೋಡಿದರೂ ವಿತೊಮಿರ್ ಬಂದು ಹೋಗಿದ್ದಾನೋ ಇಲ್ಲವೋ ಹೇಳಬಹುದು. ಬಾಸಿನಲ್ಲೂ ಸೀಳುಗಳು ಹಾಗೇ ನಿಂತಿದ್ದವು. ಅದಕ್ಕೇ ನನ್ನ ನಂತರ ಯಾರೂ ಬಿಚ್ಚಿಲ್ಲ ಅಂದುಕೊಂಡಿದ್ದೆ.

ಪಿಕಪ್ಪು ಮೇಲೆತ್ತಿದೆ. ಅಡಿಯಲ್ಲಿ ಉಣ್ಣೆಯ ತುಂಡು ಮಡಚಿ ಇಟ್ಟಿತ್ತು. ಕಂದು ಬಣ್ಣ, ಕೆಂಪು ಅಂಚು. ನಮ್ಮ ಅಮ್ಮ ಹೆಣೆದ ಕಾಲುಚೀಲದ್ದು. ಇಬ್ಬರಿಗೂ ಒಂದೊಂದು ಜೊತೆ ಹೆಣೆದುಕೊಟ್ಟಿದ್ದಳು. ನನ್ನದು ಪೆಟ್ಟಿಗೆಯಲ್ಲಿ ಇಡಿಯಾಗಿದೆ. ಇನ್ನೊಂದು ಪಿಕಪ್ಪಿನ ಅಡಿಯಲ್ಲೂ ಅಷ್ಟೇ ದೊಡ್ಡ ತುಂಡು. ಕಿರುಚು ಕಡಿಮೆಯಾಗಲಿ ಅಂತ ಇಡುತ್ತಾರೆ. ಸ್ವಲ್ಪ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಮುಚ್ಚಳ ತೆಗೆದು ಸುರುಳಿಯನ್ನು ಉಗುರಿನಿಂದ ಮುಟ್ಟಿದೆ. ಒಣಗಿತ್ತು. ಮೇಣದ ಒಂದು ಹನಿ ಇಲ್ಲ. ಎರಡರಲ್ಲೂ ಇಲ್ಲ. ಮೇಣ ಕುಡಿಯದ ತಂತಿ ಮಾತಿಗೂ ಅದುರುತ್ತದೆ, ಅವತ್ತು ಜಾಗೊರ್ಕಾಳ ಕೂಗು ಸ್ಪೀಕರಿನಲ್ಲಿ ಬಂದದ್ದು ಅದಕ್ಕೇ.

ಇವನ್ನು ಸುತ್ತಿದ ವರ್ಷ ಜೇನು ಕಡಿಮೆ. ಡಿಸೆಂಬರಿನಲ್ಲಿ ಮನೆಯಲ್ಲಿ ಇದ್ದದ್ದು ಒಂದು ಬ್ರೆಡ್ಡಿನಷ್ಟು ಮೇಣದ ಗಟ್ಟಿ. ನಮ್ಮ ಮನೆಸಂತ ನಿಕೊಲಾನ ಹಬ್ಬಕ್ಕೆ ನಾಲ್ಕು ದಿನ. ಎದುರು ಮನೆ ಚೆದೊಮಿರ್ ತನ್ನ ಮನೆಹಬ್ಬಕ್ಕೆ ಮೊಳ ಉದ್ದದ ಮೇಣದಬತ್ತಿ ಮಾಡಿದ್ದ, ಊರೆಲ್ಲ ಅದೇ ಮಾತು. ಅವನದಕ್ಕಿಂತ ಉದ್ದ ಬೇಕು ಅಂತ ನನಗೆ. ಇದ್ದ ಮೇಣವನ್ನೆಲ್ಲ ಎರೆದುಬಿಟ್ಟೆ. ನನ್ನ ಬತ್ತಿ ಸೊಂಟದವರೆಗೆ ಬಂತು. ಮೇಜಿನ ಮೇಲೆ ನಿಲ್ಲಿಸಿದ್ದಕ್ಕೆ ಪಾದ್ರಿಗಳು ಅದನ್ನು ಹಚ್ಚಲು ಕುರ್ಚಿ ಹತ್ತಿದರು. ಮೇಲಿನ ತೊಲೆಯ ಮೇಲೆ ಅದರ ಮಸಿ ಇನ್ನೂ ಇದೆ. ಇಪ್ಪತ್ತೈದು ವರ್ಷದಿಂದ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದೇನೆ.

ರಾದಿಸಾವ್ ಬಾಸು ನುಡಿಸಬೇಕಾಗಿದ್ದ ಮೊದಲ ಮದುವೆ ಆ ಭಾನುವಾರ. ಮೇಣ ಹಾಕಿದೆಯಾ ಅಣ್ಣ ಅಂತ ಕೇಳಿದ. ಎರಡು ಸಲ ಅದ್ದಿದೀನಿ ಅಂದೆ. ಬೇಸಿಗೆಯಲ್ಲಿ ಮೇಣ ಬಂದ ಮೇಲೆ ಬಿಚ್ಚಿ ಅದ್ದಿದರಾಯಿತು ಅಂತ ಮನಸ್ಸಿನಲ್ಲಿತ್ತು. ಆಮೇಲೆ ಮರೆತೆ. ನಿಜವಾಗಿ ಮರೆತೆ. ಎರಡು ಸಲ ಅದ್ದಿದ್ದೇನೆ ಅಂತ ನಾನೇ ನಂಬಿದ್ದೆ.

1981ರಲ್ಲಿ ಬೆಲ್‌ಗ್ರೇಡಿನಲ್ಲಿ ಸಮುದ್ರತೀರದ ಹೋಟೆಲೊಂದರ ತಂಡಕ್ಕೆ ಜನ ತೆಗೆದುಕೊಳ್ಳುತ್ತಿದ್ದರು. ನಿನ್ನಪ್ಪ ಹೋದ. ಮರುದಿನವೇ ವಾಪಸ್ ಬಂದ. ಏನಾಯ್ತೋ ಅಂದೆ. "ಸಮುದ್ರದ ಗಾಳಿ ನನಗೆ ಆಗಲ್ಲ" ಅಂದ. ಚಳಿಗಾಲ ಪೂರ್ತಿ ಕಫಾನದಲ್ಲಿ ಅದನ್ನೇ ಹೇಳಿ ಅವನ ಕಾಲೆಳೆದೆ. ವಸಂತದಲ್ಲಿ ಅವನು ನೋವಿ ಸಾದಿನ ಚಪ್ಪಲಿ ಕಾರ್ಖಾನೆಗೆ ಸೇರಿಕೊಂಡ. ಮದುವೆಗಳಿಗೆ ಶನಿವಾರ ಮಾತ್ರ ಬರುತ್ತಿದ್ದ. ಗೋಡೆಗೆ ತಿರುಗಿ ನಿಲ್ಲುತ್ತಿದ್ದ. ಸ್ಪೀಕರಿಗೆ ಬೆನ್ನು ಹಾಕುತ್ತಿದ್ದ ಅಂತ ಈಗ ಗೊತ್ತಾಗುತ್ತದೆ. ಬೆಲ್‌ಗ್ರೇಡಿನಲ್ಲೂ ಬಾಸು ಕಿರುಚಿರಬೇಕು.

ಅವನು ಬಿಚ್ಚಿ ನೋಡಿದ್ದ. ಉಣ್ಣೆ ಇಟ್ಟು, ಸ್ಕ್ರೂ ಬಿಗಿದು, ಸೀಳುಗಳನ್ನು ನನ್ನ ಹಾಗೇ ಒಂದೇ ದಿಕ್ಕಿಗೆ ನಿಲ್ಲಿಸಿದ್ದ. ಬಿಚ್ಚಿದ್ದು ನನಗೆ ಗೊತ್ತಾಗಬಾರದು ಅಂತ.

ಅವನೇ ಮೇಣ ಕಾಯಿಸಿ ಅದ್ದಬಹುದಿತ್ತು. ಕಾಲು ಗಂಟೆಯ ಕೆಲಸ. ಯಾಕೆ ಅದ್ದಲಿಲ್ಲ? ನನಗೆ ತಿಳಿಯುತ್ತಿಲ್ಲ. ನಿನಗೆ ಏನಾದರೂ ಹೇಳಿದ್ದನಾ?

ಫೆಬ್ರವರಿಯಲ್ಲಿ ಅವನನ್ನು ಮಣ್ಣು ಮಾಡಿದ ದಿನ ನಾನು ಊಟದ ಮೇಜಿನಲ್ಲಿ ಮೂರು ಜೋಕು ಹೇಳಿದೆ. ಗೋಡೆಯ ಜೋಕೂ ಹೇಳಿದೆ. ನೀನು ಅಲ್ಲೇ ಕೂತಿದ್ದೆ. ಅವತ್ತಿನಿಂದ ನನಗೆ ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಹಾಗಿದೆ. ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ. ಸುರುಳಿ ನೋಡಿದ ಮೇಲಾದರೂ ಏನಾದರೂ ಆದೀತು ಅಂತ ಕಾದೆ. ಆಗಲಿಲ್ಲ. ಪೀಪಾಯಿ ತೊಳೆದೆ.

ಡ್ರೈವರು ಅದೇ ಮೀಸೆ ಇಲ್ಲದವನು. ಏನೂ ಹೇಳದೆ ಕೊಟ್ಟು ಬಂದೆ.

ವಿತೊಮಿರ್

*

ನೋವಿ ಸಾದ್
16 ಅಕ್ಟೋಬರ್ 2004

ದೊಡ್ಡಪ್ಪನವರಿಗೆ,

ಬಾಸು ಬಂದು ತಲುಪಿತು. ಪತ್ರವನ್ನು ಪರೀಕ್ಷೆ ಮುಗಿದ ಮೇಲೆ ಓದಿದೆ. ದಪ್ಪಗಿತ್ತು, ಅದಕ್ಕೇ ಎತ್ತಿಟ್ಟಿದ್ದೆ.

ಪರೀಕ್ಷೆ ತಾಲೀಮು ಕೋಣೆಯಲ್ಲಿ ನಡೆಯಿತು. ಮೂವರು ಕೂತಿದ್ದರು. ಮೊದಲ ತುಣುಕು ನುಡಿಸಿದೆ. ಅವರಲ್ಲಿ ವಯಸ್ಸಾದವರು ಕೈ ಎತ್ತಿ ನಿಲ್ಲಿಸಿದರು. "ಅಮ್ಮಾ, ಗೋಡೆಗೆ ಯಾಕೆ ನುಡಿಸ್ತಾ ಇದ್ದೀರಿ? ನಾವು ಈ ಕಡೆ ಇದ್ದೀವಿ" ಅಂದರು. ನನಗೆ ಗೊತ್ತೇ ಆಗಿರಲಿಲ್ಲ, ತಿರುಗಿ ನಿಂತುಬಿಟ್ಟಿದ್ದೆ.

ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಆ ಬಾಸನ್ನು ಮೊದಲ ಸಲ ನನ್ನ ಕತ್ತಿಗೆ ಹಾಕಿದರು. ಭುಜ ಹಿಡಿದು ತಿರುಗಿಸಿ ನಿಲ್ಲಿಸಿದರು. "ಇದಕ್ಕೆ ಗೋಡೆ ಇಷ್ಟ. ಗೋಡೆ ನೋಡ್ಕೊಂಡು ನುಡಿಸು" ಅಂದರು. ಎಲ್ಲ ಬಾಸೂ ಹಾಗೇ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಅಷ್ಟೇ. ಮೇಣದ ಬಗ್ಗೆ, ನಿಮ್ಮ ಬಗ್ಗೆ ಏನೂ ಹೇಳಲಿಲ್ಲ. ಒಮ್ಮೆ ನಾನು ಇದನ್ನು ರಿಪೇರಿ ಮಾಡಿಸೋಣ ಅಂದಾಗ, "ಮಾಡಿಸಬಹುದು. ಆದ್ರೆ ಮಾಡಿದ್ದು ನಿಮ್ಮ ದೊಡ್ಡಪ್ಪ" ಅಂದರು. ಅದು ಬೇಡ ಅನ್ನುವುದಕ್ಕೋ ಬೇಕು ಅನ್ನುವುದಕ್ಕೋ ನನಗೆ ಗೊತ್ತಾಗಲಿಲ್ಲ.

ಅವರು ಹೇಳಿದ ಮೇಲೆ ತಿರುಗಿದೆ. ಸ್ಪೀಕರ್ ನನ್ನ ಮುಂದೆಯೇ ಇತ್ತು. ಸದ್ದು ಹೆಚ್ಚಿಸಿ ಅಂದರು, ಹೆಚ್ಚಿಸಿದೆ. ಈಗ ಕಿರುಚುತ್ತದೆ, ಈಗ ಕಿರುಚುತ್ತದೆ ಅಂತ ಪೂರ್ತಿ ಹಾಡು ಕಾಯುತ್ತಲೇ ಇದ್ದೆ. ಕಿರುಚಲಿಲ್ಲ.

ಜಾಗ ಸಿಕ್ಕಿದೆ. ಜನವರಿಯಿಂದ. ಅಮ್ಮನಿಗೆ ಹೇಳಿದೆ. ಒಳ್ಳೆಯದಾಯಿತು ಅಂದಳು, ಟಿವಿಯ ಸದ್ದು ಕಡಿಮೆ ಮಾಡಿದಳು.

ಹಳೆಯ ಪಿಕಪ್ಪುಗಳು ನಿಮ್ಮಲ್ಲೇ ಇರಲಿ. ಉಣ್ಣೆಯ ತುಂಡುಗಳನ್ನು ಮಾತ್ರ ಕಳಿಸಿ.

ಸ್ತಮೆನಾ

*

ಲಿಪೊವಿತ್ಸಾ
20 ಡಿಸೆಂಬರ್ 2004

ಸ್ತಮೆನಾ,

ಉಣ್ಣೆಯ ತುಂಡುಗಳು ಕಾಗದದೊಳಗಿವೆ. ತೊಳೆದಿಲ್ಲ.

ನಿನ್ನೆ ಸಂತ ನಿಕೊಲಾನ ಹಬ್ಬ ಆಯಿತು. ಸೂತಕದ ವರ್ಷ, ಹಾಡು ಬಾಜಾ ಇಲ್ಲ. ಮೀನಿನ ಸೂಪು, ಬ್ರೆಡ್ಡು. ಚೆದೊಮಿರ್ ಬಂದಿದ್ದ. ಮೇಣದಬತ್ತಿ ನೋಡಿ, "ಏನಯ್ಯಾ ವಿತೊಮಿರ್, ಈ ಸಲ ಇಷ್ಟೇನಾ? ಸಂತನಿಗೆ ಕಾಣೋದು ಹೇಗೆ?" ಅಂದ. ಬೆರಳುದ್ದ ಇತ್ತು. ಇಷ್ಟೇ ಅಂದೆ. ಅವನು ನನ್ನ ಬಾಯಿ ನೋಡುತ್ತ ಕೂತ, ಇನ್ನೇನಾದರೂ ಬರುತ್ತದೆ ಅಂತ. ತೊಲೆಯ ಮಸಿಯನ್ನು ಬಂದವರಿಗೆ ತೋರಿಸಲಿಲ್ಲ. ಅವರಾಗಿಯೇ ಮೇಲೆ ನೋಡಿದರು.

ಈ ವರ್ಷ ಮೇಣ ಬೇಕಾದಷ್ಟು ಇತ್ತು. ಬತ್ತಿ ಮಾಡಿ ಉಳಿದದ್ದನ್ನು ಇವತ್ತು ಬೆಳಿಗ್ಗೆ ತಗಡಿನ ಡಬ್ಬಿಯಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದೆ.

ಅದ್ದುವ ಮುಂಚೆ ಹಳೆಯ ಪಿಕಪ್ಪುಗಳಲ್ಲಿ ಒಂದರ ಎರಡು ತಂತಿಗಳನ್ನು ಆಂಪ್ಲಿಫೈಯರಿಗೆ ಸೇರಿಸಿದೆ. ಬಾಯಿಯ ಹತ್ತಿರ ಹಿಡಿದುಕೊಂಡು, "ರಾದಿಸಾವ್" ಅಂದೆ. ಸ್ಪೀಕರಿನಲ್ಲಿ ಬಂತು. ಬಾವಿಯೊಳಗಿಂದ ಬಂದ ಹಾಗೆ, ಸಣ್ಣಗೆ, ಆದರೆ ಹೆಸರು ತಿಳಿಯುವಂತೆ. ಇಪ್ಪತ್ತೈದು ವರ್ಷ ಇದು ಹೀಗೆ ಎಲ್ಲವನ್ನೂ ಕೇಳಿಸಿಕೊಂಡಿದೆ. ಮದುವೆ ಚಪ್ಪರಗಳಲ್ಲಿ ನಾನು ಅವನ ಪಕ್ಕ ನಿಂತು 'ಗೋಡೆ' ಅಂತ ಕೂಗಿದ್ದನ್ನೂ ಸ್ಪೀಕರಿಗೆ ಕಳಿಸಿರಬೇಕು. ಗಲಾಟೆಯಲ್ಲಿ ನನಗೆ ಕೇಳಿಸಿರಲಿಕ್ಕಿಲ್ಲ. ಅವನಿಗೆ ಕೇಳಿಸಿರಬೇಕು.

ತಂತಿ ಬಿಡಿಸಿ ಎರಡನ್ನೂ ಮೇಣದಲ್ಲಿ ಮುಳುಗಿಸಿದೆ. ಗುಳ್ಳೆ ಏಳತೊಡಗಿದವು. ಸುತ್ತುಗಳ ನಡುವೆ ಇರುವ ಗಾಳಿ ಅದು, ಪೂರ್ತಿ ಹೊರಗೆ ಬರುವವರೆಗೆ ಕಾಯಬೇಕು. ಸಾರ್ಜೆಂಟು ಹತ್ತು ನಿಮಿಷ ಅಂದಿದ್ದ. ಇದಕ್ಕೆ ಇಪ್ಪತ್ತು ಹಿಡಿಯಿತು. ಜಾಗೊರ್ಕಾ ಬಂದು ಪಕ್ಕದಲ್ಲಿ ನಿಂತಳು. ಸೂಪು ಆರುತ್ತಿದೆ ಅಂತ ಹೇಳಲು ಬಂದವಳು, ಅವಳೂ ಗುಳ್ಳೆ ನೋಡಿದಳು. ಕೊನೆಗೆ ಒಂದು ಸಣ್ಣ ಗುಳ್ಳೆ ಬಂತು. ಆಮೇಲೆ ಬರಲಿಲ್ಲ.

ಎತ್ತಿ ಒರೆಸಿ ಆರಲು ಬಿಟ್ಟೆ. ಊಟ ಮುಗಿಸಿ ಬಂದು ಮತ್ತೆ ತಂತಿ ಸೇರಿಸಿದೆ. ಬಾಯಿಯ ಹತ್ತಿರ ಹಿಡಿದು ಅದೇ ಹೆಸರು ಹೇಳಿದೆ. ಆಮೇಲೆ ಜೋರಾಗಿ ಹೇಳಿದೆ. ಜಾಗೊರ್ಕಾಳ ಕೈಯಲ್ಲೂ ಹೇಳಿಸಿದೆ.

ಏನೂ ಬರಲಿಲ್ಲ. ಕೆಲಸ ಸರಿಯಾಗಿದೆ.

ವಿತೊಮಿರ್